ಹುಡುಗ ಸೈಟಿಗೆ ಬರುವ ಮೊದಲು ಕಾಗದ ಬರಲಿ: ತುಮಕೂರಿನ ಕಟ್ಟಡ ಗುತ್ತಿಗೆದಾರರಿಗೆ ಅಪ್ರೆಂಟಿಸ್ ಕೈಪಿಡಿ

ತುಮಕೂರಿನ ಸೈಟುಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆ ಬರವಿಲ್ಲ. ಮೇಸ್ತ್ರಿಯ ಅಕ್ಕನ ಮಗನೋ, ಊರ ಕಡೆಯವನೋ ಬಾಂಡ್ಲಿ ಹಿಡಿದು ನಿಂತಿರುತ್ತಾನೆ. ಎರಡು ವರ್ಷ ಗಾರೆ ಹೊತ್ತ ಮೇಲೆ ಕರಣೆ ಅವನ ಕೈಗೆ ಬರುತ್ತದೆ. ಎಲ್ಲರ ಬಾಯಲ್ಲೂ ಅವನು ‘ಕಲಿಯೋ ಹುಡುಗ’. ಕಾನೂನು ಮಾತ್ರ ಹಾಗೆನ್ನುವುದಿಲ್ಲ. ನೋಂದಣಿಯಾದ ಒಪ್ಪಂದವಿಲ್ಲದೆ ಸೈಟಿನಲ್ಲಿ ಕೆಲಸ ಮಾಡುವವನು ಅದರ ಕಣ್ಣಿಗೆ ಬರೀ ಕಾರ್ಮಿಕ. ಅವನಿಗೆ ಕನಿಷ್ಠ ವೇತನ ಕೊಡಬೇಕು, ಪಿಎಫ್ ಕಟ್ಟಬೇಕು, ಹೆಚ್ಚುವರಿ ಹೊತ್ತಿಗೆ ಓಟಿ ಲೆಕ್ಕ ಹಾಕಬೇಕು. ಒಪ್ಪಂದ ನೋಂದಣಿಯಾಗಿದ್ದರೆ ಅದೇ ಹುಡುಗ ಅಪ್ರೆಂಟಿಸ್ ಆಗುತ್ತಾನೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಅವನಿಗೆ ಸಲ್ಲುವುದು ಸ್ಟೈಪೆಂಡ್, ಕೂಲಿಯಲ್ಲ.

ಇಡೀ ವ್ಯವಹಾರ ನಿಂತಿರುವುದು ಆ ಒಂದು ಕಾಗದದ ಮೇಲೆ. ಅದು ಯಾವ ದಿನ ನೋಂದಣಿಯಾಯಿತು, ಅದರಲ್ಲಿ ಏನು ಬರೆದಿದೆ, ಬರೆದಂತೆ ಸೈಟಿನಲ್ಲಿ ನಡೆಯುತ್ತಿದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಸರಿಯಿದ್ದರೆ ತಪಾಸಣೆಗೆ ಯಾರು ಬಂದರೂ ಹೆದರಬೇಕಿಲ್ಲ. ಇಲ್ಲಿ ಸುಲಭಕ್ಕೆ ‘ಹುಡುಗ’ ಎಂದು ಬರೆದಿದೆ. ಸರ್ವೇಯರ್, ಸಿವಿಲ್ ಡ್ರಾಫ್ಟ್ಸ್‌ಮನ್ ಓದಿದ ಹುಡುಗಿಯರಿಗೂ ಇದೇ ನಿಯಮ, ಇದೇ ಮೊತ್ತ.

ನಿಮಗೆ ಇದು ಕಡ್ಡಾಯವೇ?

2019ರ ಸೆಪ್ಟೆಂಬರ್‌ನಲ್ಲಿ ಅಪ್ರೆಂಟಿಸ್‌ಶಿಪ್ ನಿಯಮಗಳಿಗೆ ಆದ ತಿದ್ದುಪಡಿಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಅದು ನಿಮ್ಮ ಇಷ್ಟ. ತೆಗೆದುಕೊಳ್ಳುವ ಸಂಖ್ಯೆ ಒಟ್ಟು ಜನಬಲದ ಶೇ 2.5ಕ್ಕೆ ಕಡಿಮೆಯಾಗಬಾರದು, ಶೇ 15ನ್ನು ಮೀರಬಾರದು. 80 ಜನರಿರುವ ಗುತ್ತಿಗೆದಾರನಿಗೆ ಕನಿಷ್ಠ 2, ಗರಿಷ್ಠ 12. 40 ಜನರಿದ್ದರೆ 1ರಿಂದ 6.

‘ನನ್ನ ಮಸ್ಟರ್ ರೋಲಿನಲ್ಲಿ ಹನ್ನೆರಡೇ ಜನ, ಉಳಿದವರೆಲ್ಲ ಸೆಂಟ್ರಿಂಗ್ ಮೇಸ್ತ್ರಿಯ ಕಡೆಯವರು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುತ್ತಿಗೆಯ ಮೇಲೆ ಬಂದವರನ್ನೂ ಸೇರಿಸಿಯೇ ಬಲವನ್ನು ಎಣಿಸಬೇಕು. ಕಟ್ಟಡದ ಕೆಲಸದಲ್ಲಿ ಈ ಸಂಖ್ಯೆ ವಾರ ವಾರಕ್ಕೂ ಬದಲಾಗುತ್ತದೆ: ಪಾಯದ ಹೊತ್ತಿಗೆ 15 ಜನ, ಆರ್‌ಸಿಸಿ ಹಾಕುವ ದಿನ 60, ಪ್ಲಾಸ್ಟರಿಂಗ್‌ಗೆ 25. ಅಪ್ರೆಂಟಿಸ್ ಲೆಕ್ಕ ನಡೆಯುವುದು ಹಣಕಾಸು ವರ್ಷದ ಮೇಲೆ. ಆದ್ದರಿಂದ ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕದಿಂದ ಒಂದು ಸಾಲು ಬರೆದಿಟ್ಟುಕೊಳ್ಳಿ: ನಿಮ್ಮವರು ಎಷ್ಟು, ಮೇಸ್ತ್ರಿಗಳ ಮೂಲಕ ಬಂದವರು ಎಷ್ಟು. ಮಾರ್ಚ್ ಕೊನೆಗೆ ಆ ಹನ್ನೆರಡು ಸಾಲುಗಳೇ ನಿಮ್ಮ ಸಾಕ್ಷಿ.

ಕಡ್ಡಾಯವಿದ್ದೂ ತೆಗೆದುಕೊಳ್ಳದವರಿಗೆ 2014ರ ತಿದ್ದುಪಡಿ ದಂಡ ಗೊತ್ತುಮಾಡಿತು. ಮೊದಲು ಲಿಖಿತ ನೋಟಿಸ್ ಕೊಟ್ಟು ವಿವರಣೆ ಕೇಳುತ್ತಾರೆ. ಆಮೇಲೂ ತುಂಬದ ಪ್ರತಿ ಸ್ಥಾನಕ್ಕೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಅನಂತರ 1,000. ಇಷ್ಟೇ ತಾನೆ ಎಂದು ಸುಮ್ಮನಿರುವವರಿದ್ದಾರೆ. ಆದರೆ ಗುತ್ತಿಗೆದಾರನಿಗೆ ದಂಡಕ್ಕಿಂತ ನೋಟಿಸೇ ದುಬಾರಿ. ಜನಬಲದ ದಾಖಲೆ ಕೊಡಿ ಎಂದು ಒಂದು ಇಲಾಖೆ ಕೇಳಿದರೆ ಪಿಎಫ್ ಲೆಕ್ಕದ ಬಾಗಿಲೂ ತೆರೆದುಕೊಳ್ಳುತ್ತದೆ.

ಸಣ್ಣ ಗುತ್ತಿಗೆದಾರರಿಗೆ ಇನ್ನೊಂದು ದಾರಿಯೂ ಇದೆ, ಬಳಸುವವರು ಕಡಿಮೆ. ಹಲವು ಮಾಲೀಕರು ತಾವೇ ಒಟ್ಟಾಗಿ, ಇಲ್ಲವೇ ಒಪ್ಪಿಗೆ ಪಡೆದ ಏಜೆನ್ಸಿಯ ಮೂಲಕ ತರಬೇತಿ ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ. ಒಬ್ಬನ ಹತ್ತಿರ ಬರೀ ಗಾರೆ ಕೆಲಸ, ಇನ್ನೊಬ್ಬನ ಹತ್ತಿರ ಬರೀ ಪ್ಲಂಬಿಂಗ್ ಇರುವ ತಿಪಟೂರು, ಶಿರಾದಂಥ ಊರುಗಳಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಏಜೆನ್ಸಿ ಬಂತೆಂದು ಜವಾಬ್ದಾರಿ ಹೋಯಿತು ಎಂದುಕೊಳ್ಳಬೇಡಿ. ಸೈಟಿನಲ್ಲಿ ಆಗುವುದಕ್ಕೆಲ್ಲ ಸಹಿ ಹಾಕಿದ ಮಾಲೀಕನೇ ಹೊಣೆ.

ಯಾವ ಕೆಲಸ, ಯಾರ ಒಪ್ಪಿಗೆ

ಅರ್ಜಿ ಹಾಕುವ ಮೊದಲು ಹುಡುಗ ಯಾವ ವಿಭಾಗಕ್ಕೆ ಸೇರುತ್ತಾನೆ ಎಂದು ತೀರ್ಮಾನಿಸಿ. ಇಲ್ಲಿ ತಪ್ಪಿದರೆ ಅರ್ಜಿ ಬೇರೆ ಕಚೇರಿಗೆ ಹೋಗಿ ಕೂರುತ್ತದೆ.

ಮೊದಲನೆಯದು ನಿಗದಿತ ಟ್ರೇಡ್‌ಗಳು. ಕಟ್ಟಡ ಕಟ್ಟುವ ಮೇಸನ್, ಪ್ಲಂಬರ್, ಕಾರ್ಪೆಂಟರ್, ಎಲೆಕ್ಟ್ರಿಷಿಯನ್, ವೈರ್‌ಮನ್, ವೆಲ್ಡರ್, ಪೇಂಟರ್, ಸರ್ವೇಯರ್, ಸಿವಿಲ್ ಡ್ರಾಫ್ಟ್ಸ್‌ಮನ್ ಈ ಪಟ್ಟಿಯಲ್ಲಿ ಬರುತ್ತಾರೆ. ಇವುಗಳಿಗೆ ಪಠ್ಯಕ್ರಮ, ಅವಧಿ, ಬೇಕಾದ ಓದು ಎಲ್ಲವನ್ನೂ ಸರ್ಕಾರವೇ ಗೊತ್ತುಮಾಡಿದೆ. ನೋಡಿಕೊಳ್ಳುವುದು ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಅಪ್ರೆಂಟಿಸ್‌ಶಿಪ್ ಸಲಹೆಗಾರರು. ಜಿಲ್ಲೆಯಲ್ಲಿ ಮೊದಲು ವಿಚಾರಿಸಬೇಕಾದ ಜಾಗ ಸರ್ಕಾರಿ ಐಟಿಐ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕೆಲಸ ನಡೆಸುವ ಕಂಪನಿಯಾದರೆ ಅದು ಕೇಂದ್ರದ ವ್ಯಾಪ್ತಿಗೆ ಹೋಗುತ್ತದೆ. ನರಸಾಪುರ, ವೇಮಗಲ್, ವಸಂತನರಸಾಪುರದಲ್ಲಿ ಕಾರ್ಖಾನೆ ಕಟ್ಟುವ ದೊಡ್ಡ ಕಂಪನಿಗಳ ವಿಷಯ ಹೆಚ್ಚಾಗಿ ಹೀಗೆ. ಅವರ ಕೈಕೆಳಗೆ ತುಂಡು ಗುತ್ತಿಗೆ ಮಾಡುವ ತುಮಕೂರಿನವರು ಪ್ರತ್ಯೇಕ ಸಂಸ್ಥೆ, ರಾಜ್ಯದ ವ್ಯಾಪ್ತಿಯಲ್ಲೇ ಇರುತ್ತಾರೆ.

ಎರಡನೆಯದು ಐಚ್ಛಿಕ ಟ್ರೇಡ್‌ಗಳು. ಕಂಬಿ ಕಟ್ಟುವವನು, ಶಟರಿಂಗ್ ಕಾರ್ಪೆಂಟರ್, ಸಹಾಯಕ ಮೇಸನ್, ಸಾರವೆ ಕಟ್ಟುವವನು ಇಂಥ ಕೆಲಸಗಳಿಗೆ ನಿರ್ಮಾಣ ಕ್ಷೇತ್ರದ ಕೌಶಲ ಮಂಡಳಿಯ ಕೋರ್ಸುಗಳಿವೆ. ಅವಧಿ 6ರಿಂದ 36 ತಿಂಗಳು. ಐಟಿಐ ಮೆಟ್ಟಿಲು ಹತ್ತದ ಹುಡುಗನನ್ನು ತೆಗೆದುಕೊಳ್ಳಲು ಇದೇ ಸರಿಯಾದ ದಾರಿ. ಮಾಲೀಕನೇ ಸ್ವಂತ ಕೋರ್ಸು ರೂಪಿಸಲೂ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಹೊಂದದ ಕೋರ್ಸಿಗೆ ಸ್ಟೈಪೆಂಡಿನಲ್ಲಿ ಸರ್ಕಾರದ ಪಾಲಿನ ಹಣ ಸಿಗುವುದಿಲ್ಲ. ಮೊದಲ ಸಲ ಮಾಡುವವರು ಸಿದ್ಧ ಕೋರ್ಸನ್ನೇ ಆರಿಸಿಕೊಳ್ಳುವುದು ಜಾಣತನ.

ಡಿಪ್ಲೊಮಾ, ಬಿಇ ಸಿವಿಲ್ ಮುಗಿಸಿದವರ ದಾರಿ ಬೇರೆ. ಅವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್ ಇದೆ. ದಕ್ಷಿಣದ ರಾಜ್ಯಗಳಿಗೆ ಅದನ್ನು ನೋಡಿಕೊಳ್ಳುವುದು ಚೆನ್ನೈನ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. ಡಿಪ್ಲೊಮಾ ಹುಡುಗನನ್ನು, ಮೇಲಿನ ಎರಡು ಬಗೆಯ ಟ್ರೇಡ್‌ಗಳಿಗಿರುವ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನಲ್ಲಿ ಮೇಸನ್ ಎಂದು ಸೇರಿಸಲು ಹೋಗಿ ವಾರಗಟ್ಟಲೆ ಅಲೆಯುವವರಿದ್ದಾರೆ.

ವಯಸ್ಸಿನ ವಿಷಯದಲ್ಲಿ ಕಾಯ್ದೆ 14 ವರ್ಷ ಎನ್ನುತ್ತದೆ, ಅಪಾಯಕಾರಿ ಉದ್ಯಮದ ಟ್ರೇಡ್‌ಗಳಿಗೆ 18. ಕಟ್ಟಡದ ಸೈಟಿಗೆ 18 ತುಂಬದವರನ್ನು ತರಲೇಬೇಡಿ. ಎತ್ತರದ ಸಾರವೆ, ಕರೆಂಟು, ಮಿಕ್ಸರ್ ಇರುವ ಜಾಗದಲ್ಲಿ ಇದಕ್ಕೆ ವಾದ ಹುಡುಕುವುದೇ ತಪ್ಪು.

ಪೋರ್ಟಲಿನ ಕೆಲಸ

ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನ ಮುಂದೆ ಕುಳಿತುಕೊಳ್ಳುವ ಮೊದಲು ಇವನ್ನು ಹತ್ತಿರ ಇಟ್ಟುಕೊಳ್ಳಿ: ಸಂಸ್ಥೆಯ ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಪಿಎಫ್ ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ಸಂಖ್ಯೆ ಇದ್ದರೆ ಅವು, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಮಾಲೀಕನ ಮೊಬೈಲು ಮತ್ತು ಇಮೇಲ್. ಮೊಬೈಲ್ ಸಂಖ್ಯೆ ಅಕೌಂಟೆಂಟಿನದೋ ಸೈಬರ್ ಅಂಗಡಿಯವನದೋ ಆಗಿರಬಾರದು. ಆರು ತಿಂಗಳ ನಂತರ ಓಟಿಪಿ ಬೇಕಾದಾಗ ಆತ ಕೆಲಸ ಬಿಟ್ಟಿರುತ್ತಾನೆ.

ನೋಂದಣಿಯಲ್ಲಿ ಸಂಸ್ಥೆಯ ಹೆಸರು ಪ್ಯಾನ್‌ನಲ್ಲಿ ಇದ್ದಂತೆಯೇ, ಅಕ್ಷರವೂ ಬದಲಾಗದಂತೆ ಇರಲಿ. ಬೋರ್ಡಿನ ಮೇಲೆ ‘ಶ್ರೀ ಲಕ್ಷ್ಮೀ ಕನ್‌ಸ್ಟ್ರಕ್ಷನ್ಸ್’ ಎಂದಿದ್ದು ಪ್ಯಾನ್ ಮಾಲೀಕನ ಸ್ವಂತ ಹೆಸರಿನಲ್ಲಿದ್ದರೆ ಪ್ಯಾನಿನ ಹೆಸರೇ ನಡೆಯುವುದು. ಒಟ್ಟು ಜನಬಲದ ಅಂಕಣದಲ್ಲಿ ಗುತ್ತಿಗೆಯವರನ್ನೂ ಸೇರಿಸಿ ಬರೆಯಿರಿ. ಎಷ್ಟು ಅಪ್ರೆಂಟಿಸ್ ತೆಗೆದುಕೊಳ್ಳಬಹುದು ಎಂಬುದು ಆ ಸಂಖ್ಯೆಯ ಮೇಲೆ ನಿಂತಿದೆ. ಕಡಿಮೆ ತೋರಿಸಿ ಆಮೇಲೆ ನಾಲ್ಕು ಹುಡುಗರನ್ನು ಸೇರಿಸಲು ಹೋದರೆ ಮಿತಿ ಮೀರಿತು ಎನ್ನುತ್ತದೆ.

ಆಮೇಲೆ ಅವಕಾಶವನ್ನು ಪ್ರಕಟಿಸಬೇಕು: ಟ್ರೇಡ್, ಸ್ಥಾನಗಳು, ಓದು, ತರಬೇತಿಯ ಸ್ಥಳ, ಅವಧಿ, ಸ್ಟೈಪೆಂಡ್. ಹುಡುಗ ತನ್ನ ಕಡೆಯಿಂದ ನೋಂದಾಯಿಸಿಕೊಂಡು ಆಧಾರ್ ಇಕೆವೈಸಿ ಮುಗಿಸಿ ಅರ್ಜಿ ಹಾಕುತ್ತಾನೆ. ನೀವು ಆಯ್ಕೆ ಮಾಡುತ್ತೀರಿ, ಅವನು ಒಪ್ಪುತ್ತಾನೆ, ಒಪ್ಪಂದ ತಯಾರಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಸ್ಥಾನ ಕಾಯ್ದಿರಿಸುವ ನಿಯಮವೂ ಕಾಯ್ದೆಯಲ್ಲಿದೆ. ಸ್ಥಾನಗಳು ಹೆಚ್ಚಿದ್ದಾಗ ಆಯ್ಕೆಯ ಟಿಪ್ಪಣಿಯನ್ನು ಬರೆದಿಡಿ.

ಅತಿ ಹೆಚ್ಚು ಅರ್ಜಿಗಳು ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ ಎನ್’, ಆಧಾರ್‌ನಲ್ಲಿ ‘ಮಂಜುನಾಥ್’, ಪಾಸ್‌ಬುಕ್ಕಿನಲ್ಲಿ ‘ಮಂಜುನಾಥ ಬಿನ್ ನಂಜಪ್ಪ’. ಮೂರನ್ನೂ ಒಂದು ಮಾಡಿಸದೆ ಮುಂದೆ ಹೋಗಬೇಡಿ. ಬ್ಯಾಂಕ್ ಖಾತೆ ಇದ್ದರೆ ಸಾಲದು, ಸರ್ಕಾರದ ಹಣ ಬರಲು ಅದು ಆಧಾರ್‌ಗೆ ಜೋಡಣೆಯಾಗಿರಬೇಕು. ಹುಡುಗನಿಗೆ ಎರಡು ಖಾತೆ ಇದ್ದರೆ ಜೋಡಣೆಯಾದ ಖಾತೆಗೇ ಹಣ ಹೋಗುತ್ತದೆ. ಎಷ್ಟೋ ಸಲ ಅದು ಪಿಯುಸಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತ ಖಾತೆ. ‘ಸರ್ಕಾರದ ದುಡ್ಡು ಬಂದಿಲ್ಲ ಸಾರ್’ ಎಂದು ಬಂದರೆ ಮೊದಲು ಅದನ್ನೇ ನೋಡಿಸಿ.

ಒಪ್ಪಂದ ಮತ್ತು ದಿನಾಂಕ

ಒಪ್ಪಂದವಾದ 7 ದಿನದೊಳಗೆ ಅದು ನೋಂದಣಿಗೆ ಸಲಹೆಗಾರರಿಗೆ ಹೋಗಬೇಕು. ಆಕ್ಷೇಪವಿದ್ದರೆ ಅವರು 15 ದಿನದೊಳಗೆ ತಿಳಿಸಬೇಕು, 30 ದಿನದೊಳಗೆ ನೋಂದಾಯಿಸಬೇಕು. ‘ಕಳಿಸಿದ್ದೀವಿ, ಇನ್ನೇನು’ ಎಂದು ಸುಮ್ಮನಾಗದೆ ವಾರಕ್ಕೊಮ್ಮೆ ಪೋರ್ಟಲ್ ತೆರೆದು ನೋಡಿ. ಆಕ್ಷೇಪ ಬಂದು ಬಿದ್ದಿರುತ್ತದೆ, ಯಾರೂ ನೋಡಿರುವುದಿಲ್ಲ.

ಇಲ್ಲಿ ಮಾಡುವ ದೊಡ್ಡ ತಪ್ಪು, ಹುಡುಗನನ್ನು ಒಂದನೇ ತಾರೀಕಿನಿಂದಲೇ ಕೆಲಸಕ್ಕೆ ಹಚ್ಚಿ ಒಪ್ಪಂದವನ್ನು ಇಪ್ಪತ್ತನೇ ತಾರೀಕು ಬರೆಯುವುದು. ನಡುವಿನ ಹತ್ತೊಂಬತ್ತು ದಿನ ಅವನು ಕಾರ್ಮಿಕ. ಆ ದಿನಗಳಲ್ಲಿ ಪೆಟ್ಟಾದರೆ ಅಪ್ರೆಂಟಿಸ್ ಎಂಬ ಮಾತನ್ನು ಯಾರೂ ಕೇಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೊದಲ ಸಾಲಿನ ದಿನಾಂಕ ಒಪ್ಪಂದದ ಆರಂಭದ ದಿನಾಂಕಕ್ಕಿಂತ ಹಿಂದಿರಬಾರದು. ಅಪ್ರೆಂಟಿಸ್‌ಗಳಿಗೆ ಬೇರೆಯದೇ ಹಾಜರಿ ಪುಸ್ತಕ ಇಡಿ, ಕೂಲಿಯವರ ಪುಸ್ತಕದಲ್ಲಿ ಸೇರಿಸಬೇಡಿ.

ಸ್ಥಳದ ವಿಷಯವೂ ಹೀಗೇ. ಒಪ್ಪಂದದಲ್ಲಿ ಕ್ಯಾತಸಂದ್ರದ ಸೈಟು ಎಂದು ಬರೆದು ಹುಡುಗನನ್ನು ಕುಣಿಗಲ್ಲಿಗೆ ಕಳಿಸಿದರೆ ತಪಾಸಣೆಯ ದಿನ ಅವನು ಕಾಗದದಲ್ಲಿ ಒಂದು ಕಡೆ, ಕಣ್ಣಿಗೆ ಇನ್ನೊಂದು ಕಡೆ. ಕಟ್ಟಡದವರಿಗೆ ಸೈಟು ಬದಲಾಗುವುದು ಸಹಜ. ಆದ್ದರಿಂದ ಸಂಸ್ಥೆಯ ವಿಳಾಸದ ಜೊತೆಗೆ ವರ್ಷದಲ್ಲಿ ನಡೆಯುವ ಸೈಟುಗಳನ್ನೆಲ್ಲ ಮೊದಲೇ ನಮೂದಿಸಿ, ಹೊಸದು ಬಂದಾಗ ಪೋರ್ಟಲಿನಲ್ಲಿ ಸೇರಿಸಿ.

ಪಾವಗಡ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಹುಡುಗರಿಗೆ ಮನೆಮಾತು ತೆಲುಗು. ಇಂಗ್ಲಿಷಿನಲ್ಲಿ ಮುದ್ರಣವಾದ ಒಪ್ಪಂದವನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿ ಸಹಿ ಮಾಡಿಸಿ, ಅಪ್ಪ ಅಮ್ಮ ಇದ್ದರೆ ಇನ್ನೂ ಒಳ್ಳೆಯದು. ಕೊಡುವ ಮೊತ್ತ ಸ್ಟೈಪೆಂಡ್, ಕೂಲಿಯಲ್ಲ ಎಂಬುದು ಮನೆಯವರಿಗೆ ಮೊದಲ ದಿನವೇ ತಿಳಿದಿದ್ದರೆ ಮೂರನೇ ತಿಂಗಳ ಜಗಳ ತಪ್ಪುತ್ತದೆ.

ಸ್ಟೈಪೆಂಡ್ ಲೆಕ್ಕ

2019ರ ನಿಯಮದಲ್ಲಿ ನಿಗದಿಯಾದ ತಿಂಗಳ ಕನಿಷ್ಠ ಮೊತ್ತ ಹೀಗಿದೆ: 5ರಿಂದ 9ನೇ ತರಗತಿ ಓದಿದವರಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿಗೆ 6,000, ಪಿಯುಸಿಗೆ 7,000, ಐಟಿಐ ಪ್ರಮಾಣಪತ್ರ ಇದ್ದವರಿಗೆ 7,000, ಡಿಪ್ಲೊಮಾಗೆ 8,000, ಪದವಿಗೆ 9,000. ಎರಡನೇ ವರ್ಷಕ್ಕೆ ಶೇ 10 ಏರಬೇಕು. ಐಟಿಐ ಹುಡುಗನ 7,000 ಆಗ 7,700 ಆಗುತ್ತದೆ. ಮೂರನೇ ವರ್ಷಕ್ಕೆ ಇನ್ನೂ ಶೇ 15. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ಮೊತ್ತಗಳನ್ನು ಶೇ 36ರಷ್ಟು ಏರಿಸಿ 6,800ರಿಂದ 12,300ರವರೆಗೆ ಮಾಡಬೇಕೆಂದು ಶಿಫಾರಸು ಮಾಡಿತು. ಹೀಗಾಗಿ ಹಳೆಯ ಒಪ್ಪಂದದ ಅಂಕಿಯನ್ನು ಹೊಸದಕ್ಕೆ ನಕಲು ಮಾಡದೆ, ಬರೆಯುವ ದಿನ ಜಾರಿಯಲ್ಲಿರುವ ಮೊತ್ತವನ್ನು ನೋಡಿಯೇ ತುಂಬಿ.

ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸರ್ಕಾರ ಶೇ 25 ಭರಿಸುತ್ತದೆ, ಆದರೆ ತಿಂಗಳಿಗೆ 1,500 ಮೀರುವುದಿಲ್ಲ. ಆ ಹಣ ನಿಮಗೆ ಬರುವುದಿಲ್ಲ, ನೇರ ಹುಡುಗನ ಖಾತೆಗೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ:

9ನೇ ತರಗತಿಯವನು: 5,000ದಲ್ಲಿ ಸರ್ಕಾರದ್ದು 1,250, ನಿಮ್ಮದು 3,750.
ಎಸ್ಸೆಸ್ಸೆಲ್ಸಿ: 6,000ದಲ್ಲಿ 1,500, ನಿಮ್ಮದು 4,500.
ಐಟಿಐ: 7,000ದ ಕಾಲು ಭಾಗ 1,750 ಆದರೂ ಸಿಗುವುದು 1,500, ನಿಮ್ಮದು 5,500.

ನ್ಯಾಟ್ಸ್‌ನಲ್ಲಿ ಸರ್ಕಾರದ ಪಾಲು ಕನಿಷ್ಠ ಮೊತ್ತದ ಅರ್ಧ: ಡಿಪ್ಲೊಮಾಗೆ 4,000, ಪದವಿಗೆ 4,500. ಸೈಟ್ ಎಂಜಿನಿಯರ್ ಕೈಕೆಳಗೆ ಅಳತೆ ಪುಸ್ತಕ ಬರೆಯಲು ಒಬ್ಬ ಡಿಪ್ಲೊಮಾ ಹುಡುಗ ಬೇಕೆನ್ನುವವರಿಗೆ ಇದು ಹೆಚ್ಚು ಅನುಕೂಲ. ಉತ್ತೇಜನ ಯೋಜನೆಯ ಎರಡನೇ ಹಂತ ಮಂಜೂರಾದದ್ದು 2025-26ರ ಹಣಕಾಸು ವರ್ಷದವರೆಗೆ. ಸರ್ಕಾರದ ಪಾಲನ್ನು ನಂಬಿ ಎರಡು ವರ್ಷದ ಟೆಂಡರಿನ ದರ ಇಳಿಸುವುದು ಬುದ್ಧಿವಂತಿಕೆಯಲ್ಲ. ಪೂರ್ತಿ ಸ್ಟೈಪೆಂಡ್ ನಿಮ್ಮ ಮೇಲೇ ಬಿದ್ದರೂ ನಡೆಯುವಂತೆ ಲೆಕ್ಕ ಹಾಕಿರಿ.

ಒಂದು ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಹೋಗಬೇಕು, ಬ್ಯಾಂಕಿನ ಮೂಲಕವೇ ಹೋಗಬೇಕು. ಶನಿವಾರದ ಬಟವಾಡೆಯಲ್ಲಿ ಮೇಸ್ತ್ರಿಯ ಕೈಗೆ ಎಲ್ಲರ ದುಡ್ಡು ಕೊಟ್ಟು ‘ಅವನಿಗೂ ಕೊಟ್ಟುಬಿಡು’ ಎನ್ನುವ ಪದ್ಧತಿ ಅಪ್ರೆಂಟಿಸ್‌ಗೆ ಸಲ್ಲದು. ನೀವು ಪಾವತಿಯ ವಿವರವನ್ನು ಪೋರ್ಟಲಿಗೆ ಹಾಕಿದ ಮೇಲೇ ಸರ್ಕಾರದ ಪಾಲು ಕದಲುತ್ತದೆ. ನಗದು ಕೊಟ್ಟರೆ ಹಾಕಲು ವಿವರವೇ ಇರುವುದಿಲ್ಲ, ಹುಡುಗನಿಗೆ 1,500 ತಪ್ಪುತ್ತದೆ, ಅವನು ಅದನ್ನು ನಿಮ್ಮನ್ನೇ ಕೇಳುತ್ತಾನೆ.

ಇನ್ನೊಂದು ಕಟ್ಟುನಿಟ್ಟಾದ ನಿಯಮ ಕಟ್ಟಡದ ಕೆಲಸಕ್ಕೆ ನೇರ ತಾಗುತ್ತದೆ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್‌ಗೆ ತುಂಡು ಕೆಲಸದ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ, ಉತ್ಪಾದನಾ ಬೋನಸ್ಸಿನ ಲೆಕ್ಕಕ್ಕೂ ಎಳೆಯುವಂತಿಲ್ಲ. ಅಂದರೆ ಚದರಕ್ಕಿಷ್ಟು ಪ್ಲಾಸ್ಟರಿಂಗ್, ಟನ್ನಿಗಿಷ್ಟು ಕಂಬಿ ಕಟ್ಟುವುದು ಎಂಬ ಲೆಕ್ಕ ಅವನಿಗಿಲ್ಲ. ಕಾರಣ ಸರಳ. ಚದರದ ಲೆಕ್ಕ ಬಂದ ಕ್ಷಣ ಹುಡುಗ ಕಲಿಯುವುದನ್ನು ಬಿಟ್ಟು ಓಡಲು ಶುರುಮಾಡುತ್ತಾನೆ. ಮೇಸ್ತ್ರಿಯೂ ಅವನಿಗೆ ತೂಗುಗುಂಡು ಹಿಡಿಯುವುದನ್ನು ಹೇಳಿಕೊಡುವ ಬದಲು ಗಾರೆ ಕಲೆಸುವುದಕ್ಕೇ ನಿಲ್ಲಿಸುತ್ತಾನೆ.

ಕನಿಷ್ಠ ಮೊತ್ತ ಕೊಟ್ಟರೆ ಹುಡುಗ ಉಳಿಯುತ್ತಾನೆಯೇ? ಹೆಚ್ಚಾಗಿ ಉಳಿಯುವುದಿಲ್ಲ. ಪಕ್ಕದಲ್ಲಿ ಜಲ್ಲಿ ಹೊರುವ ಹೆಲ್ಪರ್ ವಾರದ ಬಟವಾಡೆಯಲ್ಲಿ ಅವನ ಅರ್ಧ ತಿಂಗಳ ದುಡ್ಡನ್ನು ಎಣಿಸುತ್ತಿರುತ್ತಾನೆ. ಬೆಂಗಳೂರು ಬಸ್ಸಿಗೆ ಒಂದೂವರೆ ಗಂಟೆಯ ದಾರಿ. ನಿಯಮದಲ್ಲಿರುವುದು ಕನಿಷ್ಠ ಮೊತ್ತ, ಹೆಚ್ಚು ಕೊಡಲು ಅಡ್ಡಿಯಿಲ್ಲ. ಐಟಿಐ ಹುಡುಗನಿಗೆ 10,000 ಎಂದು ಒಪ್ಪಂದದಲ್ಲೇ ಬರೆದು ಕೊಡಿ. ಸರ್ಕಾರದ ಪಾಲು ಆಗಲೂ 1,500 ಮಾತ್ರ. ಬಸ್ ಪಾಸು, ಮಧ್ಯಾಹ್ನದ ಊಟ ಕೊಡುವುದಾದರೆ ಅದು ಸ್ಟೈಪೆಂಡಿನ ಮೇಲೆ ಇರಬೇಕು. ಊಟದ ಹಣ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುವುದು ಕಡಿತವೇ ಆಗುತ್ತದೆ.

ರಜೆಯಲ್ಲಿ ಸಂಸ್ಥೆಯ ಉಳಿದವರಿಗೆ ಇರುವ ರಜೆ, ಹಬ್ಬಗಳೇ ಅವನಿಗೂ. ಸಾಂದರ್ಭಿಕ ಮತ್ತು ವೈದ್ಯಕೀಯ ರಜೆಗೆ ಸ್ಟೈಪೆಂಡ್ ಕಡಿಯುವಂತಿಲ್ಲ, ಅಸಾಮಾನ್ಯ ರಜೆಗೆ ಕೊಡಬೇಕಿಲ್ಲ. ಮಳೆ ಹಿಡಿದು, ಇಲ್ಲವೇ ಎಂ-ಸ್ಯಾಂಡ್ ಸಿಗದೆ ಸೈಟು ನಿಂತರೆ? ಕೂಲಿಯವರು ಊರಿಗೆ ಹೋಗುತ್ತಾರೆ, ಅಪ್ರೆಂಟಿಸ್‌ನ ಸ್ಟೈಪೆಂಡ್ ನಿಲ್ಲುವುದಿಲ್ಲ, ಏಕೆಂದರೆ ರಜೆ ಹಾಕಿದವನು ಅವನಲ್ಲ. ಅಂಥ ದಿನಗಳಲ್ಲಿ ಅವನನ್ನು ಗೋದಾಮಿಗೋ ಆಫೀಸಿಗೋ ಕರೆಸಿ ನಕ್ಷೆ ಓದುವುದು, ಕಂಬಿಯ ಪಟ್ಟಿ ಹಾಕುವುದು ಕಲಿಸಿ. ಸೈಟಿನ ಗದ್ದಲದಲ್ಲಿ ಇದಕ್ಕೆ ಬಿಡುವೇ ಸಿಗುವುದಿಲ್ಲ.

ಪಿಎಫ್, ಇಎಸ್‌ಐ ಮತ್ತು ಬಿಲ್ಲು

ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾದವನಿಗೆ ಪಿಎಫ್, ಇಎಸ್‌ಐ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅವನು ಉದ್ಯೋಗಿಯ ವ್ಯಾಖ್ಯೆಯಿಂದ ಹೊರಗೇ ಇದ್ದಾನೆ. ಇದರಿಂದ ಒಂದು ಪ್ರಾಯೋಗಿಕ ತೊಡಕು ಹುಟ್ಟುತ್ತದೆ. ಗೌರಿಬಿದನೂರು, ಮಾಲೂರು, ವಸಂತನರಸಾಪುರದಂಥ ಕಡೆ ಮುಖ್ಯ ಗುತ್ತಿಗೆದಾರರು ಗೇಟ್ ಪುಸ್ತಕದ ಹೆಸರುಗಳನ್ನು ಪಿಎಫ್ ಚಲನ್ ಜೊತೆ ಹೋಲಿಸಿ ನೋಡಿಯೇ ಬಿಲ್ ಪಾಸು ಮಾಡುತ್ತಾರೆ. ಗೇಟಿನಲ್ಲಿ 34 ಹೆಸರು, ಚಲನಿನಲ್ಲಿ 31 ಇದ್ದರೆ ಬಿಲ್ ನಿಲ್ಲುತ್ತದೆ. ಮೂವರು ಅಪ್ರೆಂಟಿಸ್‌ಗಳ ಒಪ್ಪಂದದ ಪ್ರತಿ, ನೋಂದಣಿ ಸಂಖ್ಯೆ, ಆ ತಿಂಗಳ ಸ್ಟೈಪೆಂಡ್ ಪಾವತಿಯ ಬ್ಯಾಂಕ್ ವಿವರ ಈ ಮೂರನ್ನು ಬಿಲ್ಲಿನ ಜೊತೆಯೇ ಲಗತ್ತಿಸಿ. ಕೇಳಿದ ಮೇಲೆ ಕೊಟ್ಟರೆ ಹದಿನೈದು ದಿನ ಹೋಯಿತೆಂದೇ ಲೆಕ್ಕ.

ಸೈಟಿನಲ್ಲಿ ಏನು ಮಾಡಿಸಬಹುದು

ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಅಪ್ರೆಂಟಿಸ್‌ನನ್ನು ಹಚ್ಚುವುದು ಕಾಯ್ದೆಯ ಪ್ರಕಾರ ತಪ್ಪು. ಲಾರಿಯಿಂದ ಸಿಮೆಂಟ್ ಮೂಟೆ ಇಳಿಸುವುದು, ಮಾಲೀಕರ ಮನೆಗೆ ಗ್ಯಾಸ್ ತರುವುದು, ರಾತ್ರಿ ಕಾವಲು, ಇವು ತರಬೇತಿಯಲ್ಲ. ಹಾಗೆಂದು ಮೇಸನ್ ಹುಡುಗ ಗಾರೆ ಮುಟ್ಟಬಾರದೆಂದಲ್ಲ. ಕಲೆಸುವುದೂ ವಿದ್ಯೆಯೇ. ಒಂದು ವಾರ ಕಲೆಸಿದರೆ ಕಲಿಕೆ, ನಾಲ್ಕು ತಿಂಗಳು ಅದನ್ನೇ ಮಾಡಿಸಿದರೆ ಪುಕ್ಕಟೆ ಹೆಲ್ಪರ್.

ವ್ಯತ್ಯಾಸವನ್ನು ತೋರಿಸುವುದು ದಿನಚರಿ ಪುಸ್ತಕ. ‘ಗೋಡೆ ಕೆಲಸ’ ಎಂದು ಬರೆದರೆ ಏನೂ ಬರೆದಂತಲ್ಲ. ‘6 ಇಂಚಿನ ಸಾಲಿಡ್ ಬ್ಲಾಕ್, ಗಾರೆ 1:6, ಮೂರು ವರಸೆ, ಸಂದು 10 ಮಿಮೀ, ಮೂಲೆ ತೂಗುಗುಂಡಿನಲ್ಲಿ ನೋಡಿದ್ದು’ ಎಂದು ಬರೆಸಿ. ಕಂಬಿ ಕಟ್ಟುವವನಾದರೆ ‘ಸ್ಲ್ಯಾಬಿಗೆ ಕವರ್ 20 ಮಿಮೀ, ತೊಲೆಗೆ 25, ಕಂಬಕ್ಕೆ 40, ಬ್ಲಾಕ್ ಇಟ್ಟು ಪರೀಕ್ಷಿಸಿದ್ದು’. ಒಳಗೋಡೆಯ ಪ್ಲಾಸ್ಟರಿಂಗ್ ಆದರೆ ದಪ್ಪ 12 ಮಿಮೀ, ಪಟ್ಟಿ ಎಳೆದದ್ದು, ಏಳು ದಿನ ನೀರು ಹೊಡೆದದ್ದು. ದಿನಕ್ಕೆ ನಾಲ್ಕು ಸಾಲು ಸಾಕು, ವಾರಕ್ಕೊಮ್ಮೆ ಎಂಜಿನಿಯರ್ ಸಹಿ ಬೇಕು. ಈ ಪುಸ್ತಕ ಪರೀಕ್ಷೆಯ ಹೊತ್ತಿಗೂ ಬೇಕಾಗುತ್ತದೆ.

ತರಬೇತಿಯ ಉಸ್ತುವಾರಿಗೆ ಅರ್ಹತೆಯಿರುವ ಒಬ್ಬನನ್ನು ನೇಮಿಸುವುದು ಮಾಲೀಕನ ಹೊಣೆ. ನುರಿತ ಮೇಸ್ತ್ರಿ ಕೈಯಿಂದ ಕಲಿಸಲಿ, ಕಾಗದದಲ್ಲಿ ಹೆಸರು ಡಿಪ್ಲೊಮಾ ಅಥವಾ ಐಟಿಐ ಓದಿದ ಸೂಪರ್‌ವೈಸರ್‌ನದಿರಲಿ. ಇಬ್ಬರಿಗೂ ಅದು ತಿಳಿದಿರಲಿ. ಐಟಿಐ ಓದದೆ ನೇರ ಬಂದ ಹೊಸಬನಿಗೆ ಸೈಟಿಗೆ ಇಳಿಯುವ ಮೊದಲು ಮೂಲ ತರಬೇತಿ ಆಗಬೇಕು. ಅದನ್ನು ಐಟಿಐನಲ್ಲೋ ಒಪ್ಪಿಗೆ ಪಡೆದ ಕೇಂದ್ರದಲ್ಲೋ ಕೊಡಿಸಬಹುದು.

ದಿನದ ಹೊತ್ತನ್ನು ಮಾಲೀಕನೇ ಗೊತ್ತುಮಾಡಬಹುದು. ಆದರೆ ಓಟಿ ಮಾಡಿಸಲು ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಬೇಕು. ಅದು ತರಬೇತಿಗೆ ಅಥವಾ ಸಾರ್ವಜನಿಕ ಹಿತಕ್ಕೆ ಬೇಕೆಂದು ಕಂಡರೆ ಮಾತ್ರ ಅವರು ಒಪ್ಪುತ್ತಾರೆ. ಕಾಂಕ್ರೀಟ್ ಶುರುವಾಗುವುದು ತಡವಾಗಿ ಆರ್‌ಸಿಸಿ ರಾತ್ರಿ ಹನ್ನೊಂದರವರೆಗೆ ಎಳೆಯುವುದು ಎಲ್ಲ ಸೈಟಿನ ಕಥೆ. ಆ ದಿನ ಅಪ್ರೆಂಟಿಸ್‌ನನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಿ, ಪುಸ್ತಕದಲ್ಲಿ ಹೋದ ಸಮಯ ಬರೆಸಿ.

ಪೆಟ್ಟಾದರೆ

ಇಎಸ್‌ಐ ಇಲ್ಲ ಎಂದರೆ ಹೊಣೆ ಇಲ್ಲ ಎಂದಲ್ಲ, ಹೊಣೆ ಪೂರ್ತಿ ನಿಮ್ಮದು ಎಂದರ್ಥ. ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ತರಬೇತಿಯಲ್ಲಿ ಆದ ಗಾಯಕ್ಕೆ ಮಾಲೀಕ ಉದ್ಯೋಗಿ ಪರಿಹಾರದ ನಿಯಮದಂತೆ ಹಣ ಕೊಡಬೇಕು. ಸಾವಾದರೆ ಲೆಕ್ಕ ಹೀಗೆ: ತಿಂಗಳ ಮೊತ್ತದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸುವುದು. 20 ವರ್ಷಕ್ಕೆ ಗುಣಕ 224. ಸ್ಟೈಪೆಂಡ್ 7,000 ಇದ್ದರೆ 3,500 ಗುಣಿಸು 224, ಅಂದರೆ 7,84,000 ರೂಪಾಯಿ. ಪೂರ್ಣ ಶಾಶ್ವತ ಅಂಗವಿಕಲತೆಗೆ ಅರ್ಧದ ಬದಲು ಶೇ 60. ಹುಡುಗ ಚಿಕ್ಕವನಾದಷ್ಟೂ ಗುಣಕ ದೊಡ್ಡದು.

ನಿಮ್ಮ ಹತ್ತಿರ ಕಾರ್ಮಿಕ ಪರಿಹಾರ ವಿಮೆ ಇದ್ದರೆ ಅದರಲ್ಲಿ ಅಪ್ರೆಂಟಿಸ್‌ಗಳು ಸೇರಿದ್ದಾರೆಯೇ ಎಂದು ಓದಿ ನೋಡಿ. ಮೇಸ್ತ್ರಿ, ಹೆಲ್ಪರ್ ಎಂದು ಎಣಿಕೆ ಕೊಟ್ಟ ಪಾಲಿಸಿಯಲ್ಲಿ ಅಪ್ರೆಂಟಿಸ್ ಎಂಬ ಸಾಲೇ ಇರುವುದಿಲ್ಲ. ಹೆಸರು, ಸಂಖ್ಯೆ, ಸ್ಟೈಪೆಂಡ್ ಕೊಟ್ಟು ಲಿಖಿತವಾಗಿ ಸೇರಿಸಿಕೊಳ್ಳಿ. ಹೆಲ್ಮೆಟ್, ಬೂಟು, ಎತ್ತರಕ್ಕೆ ಪೂರ್ತಿ ಮೈಗೆ ಕಟ್ಟುವ ಬೆಲ್ಟ್, ಕಾಂಕ್ರೀಟಿಗೆ ಗಂಬೂಟು ನಿಮ್ಮ ಖರ್ಚಿನಲ್ಲೇ ಬರಬೇಕು. ಕೊಟ್ಟ ದಿನ ಸಹಿ ಪಡೆಯಿರಿ.

ನಡುವೆ ಬಿಟ್ಟುಹೋದರೆ

ಯುಗಾದಿಗೆ ಊರಿಗೆ ಹೋದವನು ಬರುವುದಿಲ್ಲ. ಫೋನ್ ಎತ್ತುವುದಿಲ್ಲ. ಎರಡು ತಿಂಗಳ ಮೇಲೆ ಬೆಂಗಳೂರಿನಲ್ಲಿದ್ದಾನೆ ಎಂದು ತಿಳಿಯುತ್ತದೆ. ಇಂಥ ಹೊತ್ತಿನಲ್ಲಿ ಒಪ್ಪಂದವನ್ನು ಹಾಗೇ ಬಿಟ್ಟರೆ ಪೋರ್ಟಲಿನಲ್ಲಿ ಅವನು ನಿಮ್ಮವನಾಗಿಯೇ ಉಳಿಯುತ್ತಾನೆ, ಸ್ಥಾನವೂ ಖಾಲಿಯಾಗುವುದಿಲ್ಲ. ಬಾರದ ತಿಂಗಳಿಗೆ ಹಾಜರಿ ತುಂಬಿ ಸರ್ಕಾರದ ಪಾಲು ಬಿಡಿಸಿದರೆ ಅದು ಸುಳ್ಳು ದಾಖಲೆ. ಗೈರಾದ ವಾರದಲ್ಲೇ ಅವನ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಪತ್ರ ಹಾಕಿ, ಉತ್ತರ ಬರದಿದ್ದರೆ ಒಪ್ಪಂದ ರದ್ದಿಗೆ ಪೋರ್ಟಲಿನಲ್ಲಿ ಅರ್ಜಿ ಕೊಡಿ. ರದ್ದು ಮಾಡುವ ಅಧಿಕಾರ ಸಲಹೆಗಾರರದು. ‘ನಾಳೆಯಿಂದ ಬರಬೇಡ’ ಎಂದು ಮೇಸ್ತ್ರಿ ಹೇಳಿದ ಮಾತಿಗೆ ಬೆಲೆಯಿಲ್ಲ.

ಉಲ್ಟಾ ಸಂದರ್ಭವೂ ಇದೆ. ಮಾಲೀಕ ಒಪ್ಪಂದದಂತೆ ನಡೆಯದೆ ಅದು ರದ್ದಾದರೆ ಕೊನೆಯ ಸ್ಟೈಪೆಂಡಿನ ಮೂರು ತಿಂಗಳ ಮೊತ್ತವನ್ನು ಹುಡುಗನಿಗೆ ಪರಿಹಾರವಾಗಿ ಕೊಡಬೇಕಾಗುತ್ತದೆ. ತಕರಾರು ಎದ್ದರೆ ಮೊದಲು ತೀರ್ಮಾನಿಸುವವರು ಸಲಹೆಗಾರರೇ, ಅದು ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ.

ಅವಧಿ ಮುಗಿದ ದಿನ

ನಿಗದಿತ ಟ್ರೇಡಿನವರಿಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ, ಐಚ್ಛಿಕ ಟ್ರೇಡಿಗೆ ಕೌಶಲ ಮಂಡಳಿಯ ಮೌಲ್ಯಮಾಪನ. ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ಹಾಜರಿ, ದಿನಚರಿ, ಪಾವತಿ ಮೂರೂ ಪೋರ್ಟಲಿನಲ್ಲಿ ತುಂಬಿವೆಯೇ ನೋಡಿ. ಬಾಕಿ ಇದ್ದರೆ ಹುಡುಗನ ಪ್ರಮಾಣಪತ್ರ ನಿಲ್ಲುತ್ತದೆ.

ಅವನಿಗೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಒತ್ತಾಯಿಸುವುದಿಲ್ಲ, ನೇಮಕಕ್ಕೆ ಒಂದು ನೀತಿ ಮಾಡಿಕೊಂಡಿರಬೇಕು ಎನ್ನುತ್ತದೆ ಅಷ್ಟೆ. ಉಳಿಸಿಕೊಳ್ಳುವುದಾದರೆ ಒಪ್ಪಂದ ಮುಗಿದ ಮರುದಿನದಿಂದಲೇ ಅವನ ಹೆಸರು ವೇತನ ಪುಸ್ತಕಕ್ಕೆ ಬರಬೇಕು: ನೇಮಕ ಪತ್ರ, ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಕೂಲಿ, ಪಿಎಫ್ ಸಂಖ್ಯೆ. ‘ಇನ್ನೊಂದು ವರ್ಷ ಹೀಗೇ ಇರಲಿ’ ಎಂದು ಅದೇ ಟ್ರೇಡಿಗೆ ಇನ್ನೊಂದು ಒಪ್ಪಂದ ಬರೆಯಲು ಹೋಗಬೇಡಿ.